ದ್ರಾಕ್ಷಾಯಿಣಿ ಸುತ್ತಿದ ತಂತಿ

ದ್ರಾಕ್ಷಾಯಿಣಿಗೆ ಬಲಗಿವಿ ಕೇಳುತ್ತಲೇ ಇರಲಿಲ್ಲ. ಎಡಗಿವಿಗೆ ಗುಡುಗು, ಲಾರಿ, ಗಂಡಸರ ದಪ್ಪ ದನಿ ಇಷ್ಟು ಮುಟ್ಟುತ್ತಿದ್ದವು. ಗುಬ್ಬಿಯ ಕೂಗು, ಬಳೆಯ ಸದ್ದು, ಕೂಸುಗಳ ತೊದಲು ಮುಟ್ಟುತ್ತಿರಲಿಲ್ಲ. ಆರು ವರ್ಷದವಳಿದ್ದಾಗ ಬಂದ ಜ್ವರವೊಂದು ಇಳಿಯುವಾಗ ಇವನ್ನೆಲ್ಲ ತನ್ನ ಸಂಗಡ ಒಯ್ದಿತ್ತು. ಅದಕ್ಕೂ ಮೊದಲು ಕೇಳಿದ್ದು ಒಂದಿಷ್ಟು ನೆನಪಿತ್ತು. ಮೇಲವಂಕಿಯ ಅಡವಿಯಲ್ಲಿ ಅಜ್ಜನ ಕುರಿಗಳ ಕೊರಳಗಂಟೆ, ಅವ್ವ ಜೋಳ ಕೇರುವಾಗಿನ ಮೊರದ ಸದ್ದು. ಅವು ಕಿವಿಯಿಂದ ಕೇಳಿದ್ದೋ ಕನಸಿನಲ್ಲಿ ಕೇಳಿದ್ದೋ ಎಂಬುದು ಆಕೆಗೇ ಖಾತ್ರಿ ಇರಲಿಲ್ಲ.

ಅಪ್ಪ ಕುರಿ ಕಾಯುವುದನ್ನು ಅಣ್ಣತಮ್ಮಂದಿರಿಗೆ ಬಿಟ್ಟು ಗೋಕಾಕ ಫಾಲ್ಸಿನ ಮಿಲ್ಲಿಗೆ ಸೇರಿದ್ದ. ಹದಿನೆಂಟು ತುಂಬಿದ ಮೇಲೆ ಮಗಳೂ ಅಲ್ಲಿಯ ನೂಲು ಸುತ್ತುವ ವಿಭಾಗದಲ್ಲಿ ಬದಲಿ ಕೆಲಸಕ್ಕೆ ನಿಂತಳು. ಯಂತ್ರಗಳ ಮೊರೆತದಲ್ಲಿ ಅಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಎಲ್ಲರೂ ಕೈಸನ್ನೆ ಮಾಡಿ, ತುಟಿ ನೋಡಿ ಮಾತಾಡಿಕೊಳ್ಳುವವರೇ. ಜಗತ್ತಿನಲ್ಲಿ ಉಳಿದವರಿಗಿಂತ ತಾನು ಕಡಿಮೆಯಲ್ಲ ಎಂದು ಆಕೆಗೆ ಅನಿಸಿದ್ದು ಅಲ್ಲಿಯೇ. ನೂಲು ಬೆರಳ ನಡುವೆ ಹರಿಯುವಾಗ ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದು ಆರು ವರ್ಷದಲ್ಲಿ ಬೆರಳುಗಳಿಗೇ ತಿಳಿದುಹೋಯಿತು. ಎರಡು ಸಂಬಂಧಗಳು ಕಿವಿಯ ಕಾರಣಕ್ಕೆ ತಪ್ಪಿದವು. ಮೂರನೆಯದು ಬಂದಾಗ ತಾನೇ ಒಲ್ಲೆನೆಂದಳು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಅವ್ವ ಹಾಸಿಗೆ ಹಿಡಿದಾಗ ಮಿಲ್ಲು ಬಿಟ್ಟಳು. ಅವ್ವ ತೀರಿದ ಮೇಲೆ, ತೊಂಬತ್ತೆರಡರಲ್ಲಿ, ಗೋಕಾಕ ಪೇಟೆಯ ಬಾಬಾಸಾಹೇಬರ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಬಾಬಾಸಾಹೇಬರು ಜೈನರು, ಹರೆಯದಲ್ಲಿ ಕೊಲ್ಲಾಪುರದಲ್ಲಿ ರೇಡಿಯೊ ರಿಪೇರಿ ಕಲಿತು ಬಂದವರು. ರೇಡಿಯೊಗಳ ಕಾಲ ಮುಗಿದು, ರೈತರ ಪಂಪ್‌ಸೆಟ್ಟಿನ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವುದೇ ಅವರ ಅನ್ನದ ದಾರಿಯಾಗಿತ್ತು. ಹೆಣ್ಣುಮಗಳು ಮೋಟರು ಸುತ್ತುವುದೇ ಎಂದು ಗಿರಾಕಿಗಳು ಮೊದಮೊದಲು ನಿಂತು ನೋಡಿದರು. ಆಕೆ ಸುತ್ತಿದ ಮೋಟರು ಎರಡು ಬೇಸಗೆ ದಾಟಿದರೂ ಸುಡದಿದ್ದಾಗ ನೋಡುವುದನ್ನು ಬಿಟ್ಟರು.

ನಾಲ್ಕು ವರ್ಷ ಹೀಗೆ ಕಳೆದಾಗ ಹುಕ್ಕೇರಿಯಿಂದ ಶ್ರೇಣಿಕ ಎಂಬವನು ಬಂದ. ಮೂವತ್ತರ ಆಸುಪಾಸಿನವನು, ಮದುವೆ ಮನೆಗಳಲ್ಲಿ ನಡೆಯುವ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವನು. ಅವನ ಸಂಗಡ ಗೋಣಿಚೀಲದಲ್ಲಿ ಕಟ್ಟಿದ ಒಂದು ಹಳೆಯ ಆಂಪ್ಲಿಫಾಯರ್ ಇತ್ತು. ಒಳಗೆ ಟ್ರಾನ್ಸಿಸ್ಟರುಗಳಲ್ಲ, ಗಾಜಿನ ವಾಲ್ವುಗಳು. ಹಳೆಯ ರೇಡಿಯೊಗಳಲ್ಲಿ ಕೆಂಡದಂತೆ ಹೊಳೆಯುತ್ತಿದ್ದವಲ್ಲ, ಅಂಥವು. ವಾಲ್ವಿನ ದನಿಯನ್ನು ಸ್ಪೀಕರಿಗೆ ದಾಟಿಸುವ ತಂತಿ ಸುರುಳಿ, ಅದರ ಟ್ರಾನ್ಸ್‌ಫಾರ್ಮರ್, ಸುಟ್ಟಿತ್ತು. ಬೆಳಗಾವಿಯಲ್ಲಿ ಇಬ್ಬರು, ಹುಬ್ಬಳ್ಳಿಯಲ್ಲಿ ಒಬ್ಬರು ನೋಡಿ, ಇದನ್ನು ತೂಕಕ್ಕೆ ಹಾಕು, ಹೊಸದು ತೊಗೊ ಎಂದು ಹೇಳಿ ಕಳಿಸಿದ್ದರಂತೆ. ಬಾಬಾಸಾಹೇಬರು ಮುಚ್ಚಳ ತೆಗೆದು ಬಹಳ ಹೊತ್ತು ನೋಡುತ್ತ ಕುಳಿತರು. ದೂರದ ಊರಿಗೆ ಹೋದ ಗೆಳೆಯ ಹೇಳದೆ ಕೇಳದೆ ಬಾಗಿಲಿಗೆ ಬಂದು ನಿಂತಂತಿತ್ತು ಅವರ ಮುಖ.

ದ್ರಾಕ್ಷಾಯಿಣಿ ಅದನ್ನು ಪಂಪಿನ ಮೋಟರಿನ ಲೆಕ್ಕದಲ್ಲಿಯೇ ಸುತ್ತಿದಳು. ಸಣ್ಣ ತಂತಿಯೆಲ್ಲ ಒಳಗೆ, ದಪ್ಪ ತಂತಿಯೆಲ್ಲ ಹೊರಗೆ. ಆಂಪ್ಲಿಫಾಯರ್ ಉಲಿಯಿತೇನೋ ಸರಿ, ಆದರೆ ಯಾರೋ ಕಂಬಳಿ ಹೊದ್ದುಕೊಂಡು ಹಾಡಿದಂತೆ ಕೇಳುತ್ತದೆ ಎಂದ ಶ್ರೇಣಿಕ. ಆಕೆಗೆ ಅವನ ಮಾತಿಗಿಂತ ಅವನ ಮುಖ ಮೊದಲು ತಿಳಿಯಿತು. ಸುಟ್ಟ ಹಳೆಯ ಸುರುಳಿಯನ್ನು ಎಸೆದಿರಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಪದರ ಬಿಚ್ಚತೊಡಗಿದಳು. ಕರ್ರಗಾದ ಕಾಗದ, ಅದರ ಕೆಳಗೆ ಕೂದಲಿನಷ್ಟು ತೆಳ್ಳಗಿನ ತಂತಿ, ಮತ್ತೆ ಕಾಗದ, ಆಮೇಲೆ ದಪ್ಪ ತಂತಿ, ಮತ್ತೆ ಕಾಗದ, ಮತ್ತೆ ತೆಳ್ಳಗಿನದು. ಸಣ್ಣದನ್ನೂ ದಪ್ಪದ್ದನ್ನೂ ಭಾಗ ಮಾಡಿ ಒಂದರ ಬಗಲಲ್ಲಿ ಒಂದನ್ನು ಮಲಗಿಸಿದ್ದರು. ಎಲ್ಲಿಯ ಊರಿನ ಯಾವ ಕೈಯೋ, ಎಷ್ಟು ವರ್ಷದ ಹಿಂದೆ ಸುತ್ತಿದ್ದೋ. ಬಿಚ್ಚುತ್ತ ಹೋದಂತೆ ಆ ಕೈ ಎಲ್ಲಿ ದಣಿದಿತ್ತು, ಎಲ್ಲಿ ಊಟಕ್ಕೆ ಎದ್ದು ಹೋಗಿ ಬಂದಿತ್ತು ಎಂಬುದೂ ಆಕೆಗೆ ಕಂಡಂತಾಯಿತು. ಬಿಚ್ಚಲು ಎರಡು ದಿನ ಹಿಡಿಯಿತು. ಸುತ್ತುಗಳ ಎಣಿಕೆ ಮೂರು ಸಾವಿರದ ಹತ್ತಿರ ಹೋಗಿತ್ತು.

ಅದೇ ಪ್ರಕಾರ ಮತ್ತೆ ಸುತ್ತಲು ಇಪ್ಪತ್ತು ದಿನ ಬೇಕಾದವು. ತಂತಿ ಒಂದು ಎಳೆ ಬಿಗಿಯಾದರೆ ತುಂಡಾಗುತ್ತಿತ್ತು, ಒಂದು ಎಳೆ ಸಡಿಲಾದರೆ ಮೇಲಿನ ಪದರ ಕೆಳಗೆ ಜಾರುತ್ತಿತ್ತು. ಯಾವುದಾದರೂ ಮತ್ತೆ ಮೊದಲಿನಿಂದ ಸುತ್ತಬೇಕು. ಆ ದಿನಗಳಲ್ಲಿ ಆಕೆ ಬೇರೆ ಎಲ್ಲೋ ಇದ್ದಳು. ಅಂಗಡಿಯ ಮುಂದೆ ಆಟೊಗಳು ಹೋಗುತ್ತಿದ್ದವು, ಜನ ಬಾಯಿ ಆಡಿಸುತ್ತಿದ್ದರು, ಅದೆಲ್ಲ ನೀರಿನಾಚೆ ನಡೆದಂತೆ. ತಾಮ್ರದ ಎಳೆಯೊಂದು ಬೆಳಕನ್ನು ಹಿಡಿದುಕೊಂಡು ಬೆರಳಿನಿಂದ ಇಳಿದು ಸುರುಳಿಗೆ ಹೋಗುತ್ತಿತ್ತು. ಅದರ ಹಿಂದೆ ತಾನೂ ನಡೆದುಹೋಗುತ್ತಿರುವಂತೆ, ಆ ದಾರಿಗೆ ಕೊನೆಯೇ ಇಲ್ಲದಂತೆ.

ಶ್ರೇಣಿಕ ಬಂದು ಗಿಟಾರ್ ಜೋಡಿಸಿ ಒಂದೇ ತಂತಿ ಮೀಟಿದ. ಬಾಬಾಸಾಹೇಬರು ಕಣ್ಣು ಮುಚ್ಚಿಕೊಂಡರು. ಏನಾಯಿತೆಂದು ತಿಳಿಯದೆ ದ್ರಾಕ್ಷಾಯಿಣಿ ಸ್ಪೀಕರಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಹಲಗೆಯೊಳಗಿಂದ ಒಂದು ನಡುಕ ಬಂದು ಮೊಣಕೈವರೆಗೆ ಏರಿತು. ಅವನು ನುಡಿಸುತ್ತ ಹೋದಂತೆ ದಪ್ಪ ಸ್ವರ ಅಂಗೈಯ ಬುಡದಲ್ಲಿ, ಸಣ್ಣ ಸ್ವರ ಬೆರಳ ತುದಿಯಲ್ಲಿ. ಗುಬ್ಬಿ ಕೂರುವಷ್ಟು ಹಗುರಾಗಿ ಬೆರಳ ತುದಿಯಲ್ಲಿ ಏನೋ ಕೂತು ಹಾರಿಹೋಗುತ್ತಿತ್ತು. ಅವನು ನುಡಿಸುವುದನ್ನು ನಿಲ್ಲಿಸಿದ ಮೇಲೂ ಆಕೆ ಕೈ ತೆಗೆಯಲಿಲ್ಲ.

ಆ ಪೆಟ್ಟಿಗೆಯ ದನಿ ಕೇಳಿದವರು ಅಂಥದೇ ಬೇಕೆಂದು ಬರತೊಡಗಿದರು. ಹಳೆಯ ರೇಡಿಯೊಗಳಿಂದ ಬಾಬಾಸಾಹೇಬರು ವಾಲ್ವು ಕೂಡಿಸಿಟ್ಟಿದ್ದರು. ಬೆಸುಗೆಯ ಕೆಲಸ ಅವರದು. ಪೆಟ್ಟಿಗೆಯನ್ನು ಮೂಡಲಗಿಯ ಬಡಿಗ ಕಲ್ಲಪ್ಪ ಹಳೆಯ ಸಾಗವಾನಿ ಬಾಗಿಲುಗಳಿಂದ ಮಾಡಿಕೊಡುತ್ತಿದ್ದ. ಮೂರು ವರ್ಷದಲ್ಲಿ ಐದು ಆಂಪ್ಲಿಫಾಯರ್ ಆದವು. ಒಂದಕ್ಕೆ ಎಂಟು ಸಾವಿರ. ಪೇಟೆಯಲ್ಲಿ ಕಾರ್ಖಾನೆಯ ಸೆಟ್ಟು ಮೂರು ಸಾವಿರಕ್ಕೆ ಸಿಗುತ್ತಿತ್ತು. ಇದಕ್ಕೇಕೆ ಇಷ್ಟು ಎಂದು ಬಂದವರೆಲ್ಲ ಕೇಳುವವರೇ. ಬಾಬಾಸಾಹೇಬರು ವಾಲ್ವು, ಸಾಗವಾನಿ, ಪುಣೆಯಿಂದ ತರಿಸಿದ ತಂತಿ ಎಂದು ಹೇಳುತ್ತ ಹೋಗಿ, ಎಲ್ಲ ಕೂಡಿಸಿದರೂ ಎಂಟು ಸಾವಿರ ಆಗದೆ ನಾಚಿಕೊಳ್ಳುತ್ತಿದ್ದರು.

ತೊಂಬತ್ತೊಂಬತ್ತರಲ್ಲಿ ಕೊಲ್ಲಾಪುರದಿಂದ ಅಭಿನಂದನ ಎಂಬ ವ್ಯಾಪಾರಿ ಬಂದ. ಬಾಬಾಸಾಹೇಬರ ದೂರದ ನೆಂಟ, ವಾದ್ಯಗಳ ಅಂಗಡಿಯವನು. ಇಪ್ಪತ್ತು ಆಂಪ್ಲಿಫಾಯರ್ ಮಾಡಿ ಕೊಡಿರಿ, ಆದರೆ ಬೆಲೆ ನಾಲ್ಕು ಸಾವಿರ ದಾಟಬಾರದು, ಟ್ರಾನ್ಸ್‌ಫಾರ್ಮರು ಯಂತ್ರದಲ್ಲಿ ಸುತ್ತಿದ್ದು ತಯಾರೇ ಸಿಗುತ್ತದೆ, ಅದನ್ನು ಹಾಕಿರಿ ಎಂದು ಮರಾಠಿಯಲ್ಲಿ ಬುದ್ಧಿ ಹೇಳಿದ. ಬಾಬಾಸಾಹೇಬರು ಒಪ್ಪಿಕೊಂಡರು. ಐದು ತಿಂಗಳಲ್ಲಿ ಇಪ್ಪತ್ತೂ ಹೋದವು. ಒಬ್ಬರೂ ದೂರಲಿಲ್ಲ. ಚೆನ್ನಾಗಿವೆ ಎಂದು ಪತ್ರವೂ ಬಂತು.

ಯಾರೂ ದೂರು ಹೇಳದ್ದೇ ದ್ರಾಕ್ಷಾಯಿಣಿಗೆ ತಡೆಯಲಾರದ್ದಾಯಿತು. ಯಾರಾದರೂ ಬಂದು ಇದು ಸರಿಯಿಲ್ಲ ಎಂದಿದ್ದರೆ ಸಮಾಧಾನ ಆಗುತ್ತಿತ್ತೇನೋ. ಆ ಪೆಟ್ಟಿಗೆಗಳ ಮೇಲೆ ಅಂಗೈ ಇಟ್ಟು ನೋಡಿದ್ದಳು. ನಡುಕ ಅಂಗೈಯ ಬುಡಕ್ಕೆ ಬರುತ್ತಿತ್ತು, ಬೆರಳ ತುದಿಗೆ ಬರುತ್ತಿರಲಿಲ್ಲ. ಆದರೆ ಅರ್ಧ ಕಿವಿಯವಳು ಅದನ್ನು ಯಾರ ಮುಂದೆ ಹೇಳಬೇಕು? ತಾನು ಇಷ್ಟು ದಿನ ಅಂದುಕೊಂಡದ್ದೇ ಸುಳ್ಳೋ ಎಂಬ ಅನುಮಾನ ಹುಟ್ಟಿತು. ಪಂಪಿನ ಮೋಟರುಗಳು ಮೊದಲಿನಂತೆಯೇ ಬರುತ್ತಿದ್ದವು, ಸುತ್ತುತ್ತಿದ್ದಳು. ಒಂದು ದಿನ ಕೆಲಸ ಅರ್ಧಕ್ಕೇ ಬಿಟ್ಟು, ತಮ್ಮ ಭೀಮಶಿಯ ಮನೆಗೆ ಮೇಲವಂಕಿಗೆ ಹೋಗುತ್ತೇನೆಂದು ಹೇಳಿ ಬಸ್ಸು ಹತ್ತಿದಳು.

ಭೀಮಶಿಗೆ ಅರವತ್ತು ಕುರಿ, ಎರಡೆಕರೆ ಹೊಲ. ಕುರಿಗಳು ಮರಿ ಹಾಕುವ ಕಾಲ, ಕೈ ಬೇಕಾಗಿತ್ತು. ದ್ರಾಕ್ಷಾಯಿಣಿ ಹಗಲೆಲ್ಲ ಮರಿಗಳನ್ನು ಕಾಯುತ್ತ ಬನ್ನಿಗಿಡದ ನೆರಳಿನಲ್ಲಿ ಕೂರುತ್ತಿದ್ದಳು. ಬಿಸಿಲು ಏರಿದಂತೆ ಹೊಲಗಳು ಅಲುಗತೊಡಗುತ್ತಿದ್ದವು. ಅರೆನಿದ್ದೆಯಲ್ಲಿ ಆಕೆ ಸುರುಳಿಯ ಒಳಗೆ ನಡೆಯುತ್ತಿದ್ದಳು. ಎರಡೂ ಕಡೆಗೆ ತಾಮ್ರದ ಗೋಡೆ, ಮೇಣದ ಕಾಗದದ ವಾಸನೆ, ಪ್ರತಿ ಸುತ್ತಿಗೂ ಒಂದು ಮೆಟ್ಟಿಲು. ಎಲ್ಲೋ ಮುಂದೆ ಕುರಿಗಳ ಕೊರಳಗಂಟೆ. ಅತ್ತ ಹೋಗುವಷ್ಟರಲ್ಲಿ ಮರಿಯೊಂದು ಬಂದು ಮೊಣಕಾಲಿಗೆ ಹಾಯುತ್ತಿತ್ತು. ಕಣ್ಣು ಬಿಟ್ಟರೆ ಅದೇ ಬನ್ನಿಗಿಡ. ಎರಡು ತಿಂಗಳು ಹೀಗೆ ಹೋದವು.

ಒಂದು ಮಧ್ಯಾಹ್ನ ಬಾಬಾಸಾಹೇಬರು ಕೊಡೆ ಹಿಡಿದು ಹೊಲದ ಬದುವಿನ ಮೇಲೆ ಬರುವುದು ಕಾಣಿಸಿತು. ಅರವತ್ತೈದರ ಮುದುಕ, ಬಸ್ಸಿಳಿದು ನಡೆದೇ ಬಂದಿದ್ದರು. ಭೀಮಶಿ ನೀರು ಕೊಟ್ಟ. ಕುಡಿದು ತಂಬಿಗೆ ಕೆಳಗಿಟ್ಟರು. ಆಮೇಲೆ ಆಕೆಯ ಎಡಕ್ಕೆ ಬಂದು ಕುಳಿತು, ಆಕೆಗೆ ಕೇಳುವಂತೆ ದನಿ ದಪ್ಪ ಮಾಡಿ ಹೇಳಿದರು.

“ಇಪ್ಪತ್ತ ಮಾರಿದ್ನೆವಾ. ಯಾರೂ ಏನೂ ಅನ್ಲಿಲ್ಲ. ಖರೆ ಹೇಳ್ತೇನಿ, ಅಂಥಾದ ಇನ್ನೊಂದ ಮಾಡಿ ಅಂಗಡ್ಯಾಗ ಇಟಗೊಂಡೇನಿ. ದಿನಾ ಹಚ್ಚತೇನಿ, ದಿನಾ ಆರಿಸ್ತೇನಿ. ನನಗ ಕೇಳಾಕ ಆಗವಲ್ದು.”

ದ್ರಾಕ್ಷಾಯಿಣಿ ತನ್ನ ಅಂಗೈ ನೋಡಿಕೊಂಡಳು. ತನ್ನ ಬೆರಳ ತುದಿ ಸುಳ್ಳು ಹೇಳಿರಲಿಲ್ಲ. ಬಾ, ಮೊದಲಿನಂತೆ ಮಾಡೋಣ ಎಂದು ಅವರು ಕರೆದರು. ಆಕೆ ತಕ್ಷಣ ಎದ್ದು ಹೊರಡಲಿಲ್ಲ. ಇಷ್ಟು ದಿನ ಬನ್ನಿಗಿಡದ ಕೆಳಗೆ ಕೂತು ಆಕೆಗೆ ಇನ್ನೊಂದು ವಿಷಯವೂ ಹೊಳೆದಿತ್ತು.

“ಕಾಕಾ, ನನ್ನ ಪಗಾರ ತಿಂಗಳಿಗೆ ಒಂಬೈನೂರ. ಒಂದ ಆಂಪ್ಲಿಫಾಯರಿಗೆ ಇಪ್ಪತ್ತ ದಿನಾ ಸುತ್ತತೇನ್ರಿ. ಬೆಲಿ ಹಚ್ಚೂ ಮುಂದ ಅದನ್ನ ಎಲ್ಲಿ ಹಿಡದೀರಿ?”

ಬಾಬಾಸಾಹೇಬರು ಮನಸ್ಸಿನಲ್ಲಿಯೇ ಲೆಕ್ಕ ತಿರುವಿದರು. ಸಾಗವಾನಿ ಹಿಡಿದಿದ್ದರು, ವಾಲ್ವು ಹಿಡಿದಿದ್ದರು, ಬಸ್ಸಿನ ಲಗೇಜು ಕೂಡ ಹಿಡಿದಿದ್ದರು. ಈ ಹೆಣ್ಣುಮಗಳ ಇಪ್ಪತ್ತು ದಿನ ಎಲ್ಲಿಯೂ ಇರಲಿಲ್ಲ. ತಿಂಗಳ ಪಗಾರದಲ್ಲಿ ಹೇಗೂ ಬಂತಲ್ಲ ಎಂದುಕೊಂಡಿದ್ದರು. ಅವರು ಕೆಟ್ಟ ಮನುಷ್ಯರಲ್ಲ. ಕಣ್ಣ ಮುಂದಿನದು ಕಾಣದೆ ಹೋಗಿತ್ತು, ಅಷ್ಟೇ. ಮೊಣಕಾಲ ಮೇಲೆ ಬೆರಳಿನಿಂದ ಏನೋ ಬರೆದು ಅಳಿಸಿ, ನಿನ್ನ ಕೈಗೆ ತಕ್ಕ ಕೂಲಿ ಸೇರಿಸಿದರೆ ಹದಿನಾಲ್ಕು ಸಾವಿರ ಆಗುತ್ತದೆ ಎಂದರು. ಅಷ್ಟು ಯಾರು ಕೊಡುತ್ತಾರೆ ಎಂದು ಅವರೇ ಕೇಳಿದರು.

“ಕೊಡಾವ್ರು ಬರೂತನಾ ಪಂಪ್ ಸುತ್ತೂಣ್ರಿ” ಎಂದಳು ದ್ರಾಕ್ಷಾಯಿಣಿ.

ಮರುವಾರ ಗೋಕಾಕಕ್ಕೆ ಬಂದಳು. ಎಂಟು ತಿಂಗಳು ಕೊಳ್ಳುವವರು ಒಬ್ಬರೂ ಬರಲಿಲ್ಲ. ಬೆಲೆ ಕೇಳಿ ನಕ್ಕು ಹೋದವರುಂಟು, ಇವರಿಗೆ ತಲೆ ಕೆಟ್ಟಿದೆ ಎಂದವರುಂಟು. ಕೊನೆಗೆ ಬಂದವನು ಶ್ರೇಣಿಕನೇ. ಅವನ ಹಳೆಯ ಪೆಟ್ಟಿಗೆಯ ತಗಡು ತುಕ್ಕು ಹಿಡಿದು ಹೋಗಿತ್ತು, ಹೊಸದು ಬೇಕಾಗಿತ್ತು. ಬೆಲೆ ಕೇಳಿ ಮುಖ ಕೆಂಪಾಯಿತು. ಇಷ್ಟೇಕೆ ಎಂದು ಅವನೂ ಕೇಳಿದ. ಈ ಸಲ ಬಾಬಾಸಾಹೇಬರು ದ್ರಾಕ್ಷಾಯಿಣಿಯ ಕಡೆ ನೋಡಿದರು. ಆಕೆ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಅವನು ತಂದಿದ್ದ ಹಳೆಯದರಿಂದ ತಾನು ಸುತ್ತಿದ್ದ ಸುರುಳಿಯನ್ನೇ ಹೊರತೆಗೆದು ಅವನ ಕೈಗೆ ಕೊಟ್ಟಳು. “ನನ್ನ ಇಪ್ಪತ್ತ ದಿನಾ ಇದರಾಗ ಅದಾವ ತಮ್ಮಾ. ಮೊದಲ ಅವನ್ನ ಬಿಟ್ಟ ಮಾರತಿದ್ವಿ. ಈಗ ಹಿಡದ ಮಾರತೇವಿ” ಎಂದಳು. ಶ್ರೇಣಿಕ ಸುರುಳಿಯನ್ನು ಕೈಯಲ್ಲಿ ತೂಗಿ ನೋಡಿ, ಆಕೆಗೆ ಮರಳಿಸಿ ಎದ್ದುಹೋದ.

ಎರಡು ತಿಂಗಳಾದ ಮೇಲೆ ಬಸ್ಸಿನಲ್ಲಿ ಬಂದ. ಮೋಟರ್‌ಸೈಕಲ್ಲು ಮಾರಿದ್ದ. ಅವನ ತಾಯಿ ಸುಂದರಾಬಾಯಿ ಹದಿನೈದು ದಿನ ಅವನೊಂದಿಗೆ ಮಾತು ಬಿಟ್ಟರಂತೆ. ಹೊಸ ಪೆಟ್ಟಿಗೆ ತಯಾರಾದಾಗ ಬಾಬಾಸಾಹೇಬರು ಒಳಗಿನ ತಗಡಿನ ಮೇಲೆ ಮೊಳೆಯಿಂದ ‘ದ್ರಾಕ್ಷಾಯಿಣಿ, ಗೋಕಾಕ’ ಎಂದು ಕೊರೆದರು. ಮುಚ್ಚಳ ಬಿಚ್ಚಿದವರಿಗಷ್ಟೇ ಕಾಣುವ ಜಾಗ ಅದು. ಸಂಜೆ ಅವರು ಮನೆಗೆ ಹೋದ ಮೇಲೆ ಆಕೆ ಒಬ್ಬಳೇ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು.

ಅಲ್ಲಿಂದ ವರ್ಷಕ್ಕೆ ಮೂರೋ ನಾಲ್ಕೋ ಆಗುತ್ತ ಹೋದವು. ಬೆಳಗಾವಿಗೆ ಹೋದವು, ಪುಣೆಗೆ ಹೋದವು. ದ್ರಾಕ್ಷಾಯಿಣಿ ಗೋಕಾಕದಲ್ಲಿ ಎರಡು ಖೋಲಿಯ ಮನೆ ಮಾಡಿದಳು. ಎರಡು ಸಾವಿರದ ಆರರಲ್ಲಿ ಮಡಗಾಂವದ ಸಂಗೀತದ ಮಾಸ್ತರರೊಬ್ಬರು ಒಂದನ್ನು ಒಯ್ದು, ಸುತ್ತಿದವರನ್ನು ನೋಡಬೇಕೆಂದು ಹಟ ಹಿಡಿದು ಟಿಕೇಟು ಕಳಿಸಿದರು. ಬಾಬಾಸಾಹೇಬರೂ ಆಕೆಯೂ ಹೋದರು. ಮಾಸ್ತರರ ಮನೆ ಸಮುದ್ರದ ದಂಡೆಗೆ ಹತ್ತಿರ. ಅವರು ವರಾಂಡದಲ್ಲಿ ಆಂಪ್ಲಿಫಾಯರ್ ಹಚ್ಚಿ, ಕಣ್ಣು ತುಂಬಿಕೊಂಡು, ಸಂಜೆಯವರೆಗೆ ನುಡಿಸುತ್ತಲೇ ಇದ್ದರು. ಬಾಬಾಸಾಹೇಬರು ತಲೆದೂಗುತ್ತಿದ್ದರು. ದ್ರಾಕ್ಷಾಯಿಣಿ ಮಾತ್ರ ಸಮುದ್ರದ ಕಡೆ ತಿರುಗಿ ಕೂತಿದ್ದಳು. ಹುಟ್ಟಿ ನಲವತ್ತು ದಾಟಿದರೂ ಆಕೆ ಸಮುದ್ರ ನೋಡಿದ್ದು ಆ ದಿನವೇ. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಇಬ್ಬರಿಗೂ ಹೇಳದೆ, ಚಪ್ಪಲಿ ಅಲ್ಲೇ ಬಿಟ್ಟು ನೀರಿನ ಕಡೆ ನಡೆದಳು. ಅಲೆ ಬಂದು ಒಡೆದಾಗ ಅದರ ದಪ್ಪ ದನಿ ಹಿಮ್ಮಡಿಗೆ, ನೊರೆಯ ಸಣ್ಣ ದನಿ ಕಾಲ್ಬೆರಳ ತುದಿಗೆ ಮುಟ್ಟಿತು.