ತಂಗಿ ಹಡಗನ್ನು ನೋಡಿ ಬಂದದ್ದು

ಒಂದು ಯುದ್ಧನೌಕೆಯನ್ನು ಹತ್ತಲು ನಾನು ನಲವತ್ತು ವರ್ಷ ತಡಮಾಡಿದೆ. ಬಸ್ಸಾಗಿದ್ದರೆ ಚಿಂತೆಯಿರಲಿಲ್ಲ. ಸುಂಟಿಕೊಪ್ಪದಲ್ಲಿ ಒಂದು ತಪ್ಪಿಹೋದರೆ ಯಾವುದಾದರೂ ಅಂಗಡಿಯ ಮುಂದೆ ಕೂತಿದ್ದರಾಯಿತು, ಇನ್ನೊಂದು ಬಂದೇ ಬರುತ್ತದೆ. ಹಡಗು ಹಾಗೆ ಬರುವುದಿಲ್ಲ.

ಇದನ್ನೆಲ್ಲ ನಿಮಗೆ ಬಾಯಲ್ಲೇ ಹೇಳಬಹುದಿತ್ತು, ಮಕ್ಕಳೇ. ಆದರೆ ನೀವು ನಾಲ್ವರೂ ಒಟ್ಟಿಗೆ ನನ್ನ ಮುಖ ನೋಡಿದರೆ ನನಗೆ ಮಾತು ಹೊರಡುವುದಿಲ್ಲ. ಸೆರಗು ಸರಿಮಾಡಿಕೊಂಡು, "ಕಾಫಿ ಮಾಡ್ಲಾ?" ಎಂದು ಒಳಗೆ ಹೋಗಿಬಿಡುತ್ತೇನೆ. ಮಾದಾಪುರದ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರಗಳಿಗೆ ನನ್ನಷ್ಟು ನಾಚಿಕೆಯಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದದ್ದು ನಿಮಗೆ ಗೊತ್ತು. ಅದಕ್ಕೆ ಮೊದಲು ಅವರು ನೌಕಾಪಡೆಯಲ್ಲಿದ್ದರು. ನಮ್ಮ ಕಡೆ ಮನೆಗೊಬ್ಬರು ಮಿಲಿಟರಿಯಲ್ಲಿರುವುದು ಹೊಸತಲ್ಲ, ಆದರೆ ಮಿಲಿಟರಿ ಎಂದರೆ ನೆಲದ ಮೇಲಿನದು. ಸುಬೇದಾರರಾಗಿದ್ದ ನಮ್ಮ ಭಾವ, ಎಂದರೆ ಅಜ್ಜನ ಅಣ್ಣ, ಊಟಕ್ಕೆ ಕೂತಾಗಲೆಲ್ಲ ಕೆಣಕುತ್ತಿದ್ದರು: "ಅಲ್ಲ ಮಾರಾಯ, ನೀರಲ್ಲಿ ಏನು ಯುದ್ಧ? ಏಡಿ ಹಿಡಿಯೋದಾದ್ರೆ ನಮ್ಮ ಗದ್ದೆ ತೋಡೇ ಸಾಕಿತ್ತಲ್ಲ!" ಅಜ್ಜ ನಗುತ್ತಿದ್ದರು, ಉತ್ತರ ಕೊಡುತ್ತಿರಲಿಲ್ಲ. ಅವರು ಇದ್ದದ್ದು ಹಡಗಿನ ಹೊಟ್ಟೆಯಲ್ಲಿ, ಎಂಜಿನ್ ಕೋಣೆಯಲ್ಲಿ. ಅಲ್ಲಿಂದ ಸಮುದ್ರವೂ ಕಾಣುವುದಿಲ್ಲ, ಶತ್ರುವೂ ಕಾಣುವುದಿಲ್ಲ. ಕಾಣದ್ದನ್ನು ಅವರು ವರ್ಣಿಸುವುದಾದರೂ ಹೇಗೆ?

ಬೊಂಬಾಯಿಯ ಕ್ವಾರ್ಟರ್ಸಿನಲ್ಲಿ ನಾವು ಎರಡು ವರ್ಷ ಇದ್ದೆವು. ಒಂದು ದಿನ ಮನೆಯವರನ್ನೆಲ್ಲ ಹಡಗಿಗೆ ಕರೆದೊಯ್ದು ತೋರಿಸುತ್ತಾರೆ ಎಂದು ಸುದ್ದಿ ಬಂತು. "ನಾನು ಕೆಲಸ ಮಾಡೋ ಜಾಗ ನೋಡು, ಬಾ," ಎಂದರು ಅಜ್ಜ. ನನಗೋ ಹಡಗಿಗಿಂತ ಆಫೀಸರುಗಳ ಹೆಂಡತಿಯರ ಭಯ. ಇಂಗ್ಲಿಷಿನಲ್ಲಿ ಏನಾದರೂ ಕೇಳಿಬಿಟ್ಟರೆ? ಏಣಿ ಹತ್ತುವಾಗ ಕಾಲಿಗೆ ಸೀರೆ ಸಿಕ್ಕಿಹಾಕಿಕೊಂಡರೆ? ಬೆಳಿಗ್ಗೆ ಎದ್ದವಳೇ ತಲೆನೋವೆಂದು ಮಲಗಿಬಿಟ್ಟೆ. ಅವರು ಪಕ್ಕದ ಮನೆಯ ಮಕ್ಕಳನ್ನು ಕರೆದುಕೊಂಡು ಹೋದರು. ಸಂಜೆ ಬಂದು, "ತಲೆನೋವು?" ಎಂದರು. "ಹೋಯ್ತು," ಎಂದೆ. "ಹಡಗೂ ಹೋಯ್ತು," ಎಂದು ಬೂಟು ಬಿಚ್ಚಿದರು. ಅಷ್ಟೇ. ಇನ್ನೊಮ್ಮೆ ಕರೆಯಲಿಲ್ಲ. ನಾನೂ ಕೇಳಲಿಲ್ಲ.

ಆ ಹಡಗು ಈಗ ಇಲ್ಲ. ಹಳೆಯ ಹಡಗುಗಳನ್ನು ದಡಕ್ಕೆಳೆದು, ಬೆಂಕಿಯಲ್ಲಿ ಕೊಯ್ದು, ಗುಜರಿಗೆ ಹಾಕುತ್ತಾರಂತೆ. ಆ ಕಬ್ಬಿಣ ಕರಗಿ ಸರಳಾಗುತ್ತದಂತೆ. ಆ ಸುದ್ದಿ ಬಂದ ಮೇಲೆ ಅಜ್ಜ ಯಾರ ಮನೆಗೆ ಹೋದರೂ ಕಿಟಕಿಯ ಸರಳುಗಳನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದರು. "ಇದರಲ್ಲಿ ನಮ್ಮ ಹಡಗು ಎಷ್ಟಿದೆಯೋ!" ಎನ್ನುತ್ತಿದ್ದರು. ತಮಾಷೆಗೆ ಹೇಳುತ್ತಿದ್ದರು ಎಂದುಕೊಂಡಿದ್ದೆ. ಅವರು ತೀರಿಹೋದ ಮೇಲೆ ಯೋಚಿಸಿದರೆ ಅಷ್ಟೊಂದು ತಮಾಷೆಯಾಗಿ ಕಾಣುವುದಿಲ್ಲ.

ಕಳೆದ ಮಳೆಗಾಲದಲ್ಲಿ, ನಿಮ್ಮಲ್ಲಿ ಹಿರಿಯಳಾದ ಸಿಂಚನ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಕರಾವಳಿಯ ಊರೊಂದರಲ್ಲಿ, ಮರಳಿನ ಪಕ್ಕ, ಸಿಮೆಂಟಿನ ಕಟ್ಟೆಯ ಮೇಲೆ ಬೂದು ಬಣ್ಣದ ಹಡಗು. ಅಜ್ಜನ ಹಡಗಿನದೇ ಅಚ್ಚು. "ಒಂದೇ ನಕ್ಷೆಯಲ್ಲಿ ಕಟ್ಟಿದ ಹಡಗುಗಳನ್ನು ಅಕ್ಕತಂಗಿಯರು ಅಂತಾರಂತೆ ಅಜ್ಜಿ. ಇದು ಅಜ್ಜನ ಹಡಗಿನ ತಂಗಿ," ಎಂದಳು. ನನಗೆ ಆ ಮಾತು ಬಹಳ ಹಿಡಿಸಿತು. ಅಕ್ಕ ಹೋದ ಮೇಲೆ ತಂಗಿಯ ಮನೆಗೆ ಹೋಗಿ ಬರುವುದು ನಮ್ಮಲ್ಲಿ ಇರುವ ರೂಢಿಯೇ. ಮೂಗೋ, ನಗುವೋ, ಏನಾದರೂ ಒಂದು ಅಲ್ಲಿ ಸಿಕ್ಕೇ ಸಿಗುತ್ತದೆ. ಅಜ್ಜ ದಿನವಿಡೀ ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಸಲ ನಿಂತು ಬರಬೇಕು ಎಂದು ಅಂದೇ ತೀರ್ಮಾನಿಸಿದೆ. ಯಾರಿಗೂ ಹೇಳಲಿಲ್ಲ. ಸಿಂಚನಳಿಗೆ, "ಸಮುದ್ರ ನೋಡಬೇಕು," ಎಂದೆ. ಅವಳೇನು ದಡ್ಡಿಯಲ್ಲ, ಕಾರನ್ನು ಸೀದಾ ಹಡಗಿನ ಮುಂದೆ ನಿಲ್ಲಿಸಿದಳು.

ಹತ್ತಿರದಿಂದ ನೋಡಿದರೆ ಹಡಗು ಎಂಥ ವಸ್ತು! ತೀರ ದೊಡ್ಡದಲ್ಲ, ನಮ್ಮ ಎಸ್ಟೇಟಿನ ಲೈನ್ ಮನೆಗಳ ಸಾಲಿನಷ್ಟು ಉದ್ದ ಅಷ್ಟೆ. ಆದರೆ ಮೂತಿ ಮುಂದೆ ಚಾಚಿಕೊಂಡು, ನೀರು ಸಿಕ್ಕರೆ ಈಗಲೇ ಹೊರಟೆ ಎನ್ನುವಂತೆ ನಿಂತಿತ್ತು. ಮುಂದುಗಡೆ ಒಂದು ದೊಡ್ಡ ಬಂದೂಕು. ಅದನ್ನು ಕಂಡದ್ದೇ ತಡ, ನನ್ನ ಕಾಲುಗಳು ತಾವಾಗಿ ಚಪ್ಪಲಿ ಬಿಟ್ಟವು. ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬ ಕಳೆದು ಇನ್ನೂ ವಾರವಾಗಿರಲಿಲ್ಲ ನೋಡಿ. ಮನೆಯ ಕೋವಿಗೆ ಗಂಧ ಹಚ್ಚಿ, ನಳಿಕೆಗೆ ಹೂ ಸಿಕ್ಕಿಸಿ, ಕೈಮುಗಿದು ಬಂದವಳು ನಾನು. ಅಷ್ಟು ದೊಡ್ಡ ಕೋವಿಯ ಹತ್ತಿರ ಚಪ್ಪಲಿ ಮೆಟ್ಟಿಕೊಂಡು ಹೋಗುವುದುಂಟೆ?

ಚಪ್ಪಲಿಯನ್ನು ಮೆಟ್ಟಿಲ ಬುಡದಲ್ಲಿ ಜೋಡಿಸಿಟ್ಟು ಹತ್ತಿದೆ. ನನ್ನ ಹಿಂದೆ ಒಂದು ದೊಡ್ಡ ಸಂಸಾರ ಬರುತ್ತಿತ್ತು, ಬಯಲುಸೀಮೆಯವರು. ಮುಂದಿನ ಹೆಂಗಸು ಬಿಟ್ಟಿದ್ದಾಳೆಂದರೆ ನಿಯಮವಿರಬೇಕು ಎಂದು ಅವರೂ ಬಿಟ್ಟರು. ಅವರನ್ನು ನೋಡಿ ಅವರ ಹಿಂದಿನವರೂ ಬಿಟ್ಟರು. ಅಂದು ಮಳೆ ಬಿಟ್ಟು ಒಳ್ಳೆಯ ಬಿಸಿಲು. ಹಡಗಿನ ಮೇಲ್ಭಾಗ ಕಬ್ಬಿಣ. ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದ ಹಾಗೆ ನಾವೆಲ್ಲ ಚಟಪಟನೆ ಕುಣಿಯತೊಡಗಿದೆವು. ಬಯಲುಸೀಮೆಯ ಯಜಮಾನರು ಒಂಟಿ ಕಾಲಲ್ಲಿ ನಿಂತು, "ಯುದ್ಧ ಅಂದ್ರ ಸುಮ್ನ ಅಲ್ಲ ಬಿಡ್ರಿ!" ಎಂದರು.

ಹಡಗು ನೋಡಿಕೊಳ್ಳುವವರು ಓಡಿಬಂದರು. ಅರವತ್ತು ದಾಟಿದ ಮನುಷ್ಯ, ಕೈಯಲ್ಲಿ ಬಣ್ಣದ ಕುಂಚ. "ಎಂತ ಮಾರಾಯ್ರೆ ಇದು? ಚಪ್ಪಲಿ ಹಾಕ್ಕೊಳ್ಳಿ, ಇದು ದೇವಸ್ಥಾನ ಅಲ್ಲ! ಯಾರು ಶುರು ಮಾಡಿದ್ದು?" ಎಲ್ಲರೂ ನನ್ನತ್ತ ತಿರುಗಿದರು. ನನಗೆ ಸಮುದ್ರಕ್ಕೆ ಹಾರುವಂತಾಯಿತು, ಆದರೆ ಅದು ನೂರು ಮಾರು ದೂರದಲ್ಲಿತ್ತು. "ನಮ್ಮಜ್ಜಿ ಕೊಡಗಿನವರು ಅಂಕಲ್. ನಮ್ಮಲ್ಲಿ ಕೋವಿಗೆ ಪೂಜೆ ಮಾಡ್ತಾರೆ," ಎಂದಳು ಸಿಂಚನ. ಅವರ ಮುಖ ಸಡಿಲವಾಯಿತು. "ಹಾಗೋ? ನಾನೂ ನೇವಿಯಲ್ಲೇ ಇದ್ದದ್ದು, ಗನ್ನಿನ ಕೆಲಸ. ಇಷ್ಟು ಮರ್ಯಾದೆ ಅದಕ್ಕೆ ಇಷ್ಟರವರೆಗೆ ಯಾರೂ ಕೊಟ್ಟಿಲ್ಲ ಅಮ್ಮ," ಎಂದರು.

ಆಮೇಲೆ ತಾವೇ ಸುತ್ತ ತೋರಿಸಿದರು. ಆ ಮನುಷ್ಯನ ಕೆಲಸವನ್ನು ಎಷ್ಟು ಹೊಗಳಿದರೂ ಸಾಲದು. ಉಪ್ಪುಗಾಳಿ ಕಬ್ಬಿಣವನ್ನು ಇಲಿಯಂತೆ ಕಡಿಯುತ್ತದೆ. ಮೂತಿಯಿಂದ ಶುರುಮಾಡಿ ತುಕ್ಕು ಕೆರೆದು ಬಣ್ಣ ಬಳಿಯುತ್ತಾ ಬಾಲಕ್ಕೆ ಬರುವಷ್ಟರಲ್ಲಿ ಮೂತಿಯಲ್ಲಿ ಮತ್ತೆ ತುಕ್ಕು. ನಮ್ಮ ತೋಟದ ಕಳೆಯದೂ ಅದೇ ಕತೆ. ಈ ತುದಿಯಿಂದ ತೆಗೆಯುತ್ತಾ ಆ ತುದಿ ಮುಟ್ಟಿ ಹಿಂದಿರುಗಿ ನೋಡಿದರೆ ಅದು ನಗುತ್ತಾ ನಿಂತಿರುತ್ತದೆ. "ಓಡಾಡ್ತಾ ಇದ್ದಾಗ ಇಷ್ಟು ಉಪದ್ರ ಇರಲಿಲ್ಲ ಅಮ್ಮ. ಕೂತ ಮೇಲೆಯೇ ಕಾಯಿಲೆ ಜಾಸ್ತಿ," ಎಂದರು. ನನ್ನ ಮಂಡಿಗಳು ಹೌದೆಂದವು.

ಹಳೆಯದನ್ನು ಇಟ್ಟುಕೊಳ್ಳುವ ಚಾಳಿ ನನಗೂ ಇದೆ ಎಂದು ನೀವೆಲ್ಲ ನಗುತ್ತೀರಿ. ಕಡ್ಡಿ ಮುರಿದ ಛತ್ರಿ, ಮುಚ್ಚಳವಿಲ್ಲದ ಡಬ್ಬಿ, ಯಾವ ಬೀಗದ್ದೆಂದು ಮರೆತುಹೋದ ಬೀಗದ ಕೈ. ಆದರೆ ನನ್ನದು ಎಸೆಯಲು ಮನಸ್ಸು ಬಾರದೆ ಉಳಿದದ್ದು, ಅವರದು ದಿನದಿನವೂ ದುಡಿದು ಉಳಿಸಿದ್ದು. ಎರಡೂ ಒಂದೇ ಅಲ್ಲವೆಂದು ಆ ಕುಂಚವನ್ನು ನೋಡಿದಾಗ ತಿಳಿಯಿತು.

ನಾಯಕರ ಕೋಣೆ, ನಕ್ಷೆಯ ಮೇಜು, ಒಂದರ ಮೇಲೊಂದು ಮಂಚ, ಅಂಗೈಯಗಲದ ಅಡುಗೆಮನೆ, ಎಲ್ಲವನ್ನೂ ನೋಡಿದ್ದಾಯಿತು. ಕೊನೆಗೆ ನೆಲದಲ್ಲಿ ಒಂದು ತೂತು, ಅದಕ್ಕೆ ಅಡ್ಡಲಾಗಿ ಸರಪಳಿ. "ಕೆಳಗೆ ಎಂಜಿನ್ ಕೋಣೆ. ಅಲ್ಲಿಗೆ ಯಾರನ್ನೂ ಬಿಡುವುದಿಲ್ಲ," ಎಂದು ಅವರು ಮುಂದೆ ನಡೆದರು. ಸಿಂಚನಳೂ ಹೋದಳು. ನಾನು ನಿಂತೆ. ನನ್ನ ಕಾಲಡಿಯಲ್ಲೇ ಇತ್ತು ಆ ಜಾಗ. ತಲೆನೋವು ಎನ್ನುವುದಾದರೆ ಈಗಲೂ ಎನ್ನಬಹುದಿತ್ತು. ಸೆರಗನ್ನು ಎರಡು ಸಲ ಸರಿಮಾಡಿಕೊಂಡೆ. ಮತ್ತೆ, "ಸ್ವಾಮೀ," ಎಂದೆ, ನಾನೇ ಬೆಚ್ಚುವಷ್ಟು ಜೋರಾಗಿ. "ನಮ್ಮ ಮನೆಯವರು ಇಂಥದೇ ಹಡಗಲ್ಲಿ, ಕೆಳಗೆ, ಎಂಟು ವರ್ಷ ಇದ್ರು. ಒಂದ್ಸಲ ಕರೆದಿದ್ರು, ನಾನು ಬರಲಿಲ್ಲ. ಈಗ ಬಂದಿದ್ದೀನಿ."

ಅವರು ನನ್ನ ಮುಖ ನೋಡಿದರು, ಏಣಿ ನೋಡಿದರು. "ಏಣಿ ನೆಟ್ಟಗೆ ಉಂಟಲ್ಲ ಅಮ್ಮ."

"ಅಟ್ಟದ ಏಣಿ ಹತ್ತಿ ಇಳಿದೇ ಮುದುಕಿಯಾದವಳು ನಾನು," ಎಂದೆ.

ಅವರು ಸರಪಳಿ ಬಿಚ್ಚಿ ಮೊದಲು ತಾವಿಳಿದರು. ನಾನು ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಹಿಮ್ಮುಖವಾಗಿ, ಒಂದೊಂದೇ ಮೆಟ್ಟಿಲು ಇಳಿದೆ. ಕೆಳಗೆ ಕತ್ತಲು, ಬಗ್ಗಿ ನಿಲ್ಲಬೇಕು, ಎಲ್ಲಿ ನೋಡಿದರೂ ಕೊಳವೆ. ಎಂಜಿನುಗಳು ನಿಂತು ಎಷ್ಟೋ ಕಾಲವಾದರೂ ಡೀಸೆಲ್ ವಾಸನೆ ಹೋಗಿರಲಿಲ್ಲ. ಅಜ್ಜ ರಜೆಯಲ್ಲಿ ಮನೆಗೆ ಬಂದಾಗ ಬಾಗಿಲಲ್ಲೇ ಬರುತ್ತಿದ್ದ ವಾಸನೆ ಅದು. ಇಷ್ಟು ಇಕ್ಕಟ್ಟಿನಲ್ಲಿ, ಆ ಸದ್ದಿನಲ್ಲಿ, ಆ ಸೆಕೆಯಲ್ಲಿ ನಿಂತಿದ್ದ ಮನುಷ್ಯ ಏಡಿಯ ಮಾತಿಗೆ ನಕ್ಕು ಸುಮ್ಮನಾಗುತ್ತಿದ್ದರಲ್ಲ, ಆ ನಗು ಎಷ್ಟು ದೊಡ್ಡದೆಂದು ಅಲ್ಲಿ ಬಗ್ಗಿ ನಿಂತಾಗ ಗೊತ್ತಾಯಿತು.

ಎಂಜಿನ್ನಿನ ಪಕ್ಕ ಒಂದು ಗೊಂಬೆಯನ್ನು ನಿಲ್ಲಿಸಿದ್ದರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಬಿಳಿ ಅಂಗಿ, ಬಿಳಿ ಟೋಪಿ. ಮದುವೆಗೆ ಹೊರಟ ಹಾಗೆ.

"ಈ ಬಟ್ಟೆ ತಪ್ಪು," ಎಂದುಬಿಟ್ಟೆ.

"ತಪ್ಪಾ? ನಾವು ಮೇಲಿನವರು, ಕೆಳಗಿನವರ ಸಂಗತಿ ಸರಿಯಾಗಿ ಗೊತ್ತಿಲ್ಲ. ಮೇಲಧಿಕಾರಿಗಳು ಈ ಕೋಣೆಯನ್ನೂ ಜನರಿಗೆ ತೆರೀಬೇಕು ಅಂತಿದ್ದಾರೆ. ಕೆಲಸ ಮಾಡುವಾಗ ಎಂತ ಹಾಕ್ತಿದ್ರು, ಅಮ್ಮ?" ಅವರು ಜೇಬಿನಿಂದ ಸಣ್ಣ ಪುಸ್ತಕ ತೆಗೆದರು.

ನಾನು ಹೇಳಿದೆ. ಮೇಲಿಂದ ಕೆಳಗಿನವರೆಗೆ ಒಂದೇ ಆಗಿರುವ ನೀಲಿ ಉಡುಪು, ಡಾಂಗ್ರಿ ಎನ್ನುತ್ತಿದ್ದರು. ಕುತ್ತಿಗೆಗೊಂದು ಟವೆಲು, ಕಿವಿಯಲ್ಲಿ ಹತ್ತಿ. ಎಣ್ಣೆಯ ಕಲೆ ಬಲತೋಳಿನಲ್ಲಿ ಮೊಣಕೈಯವರೆಗೆ, ಮತ್ತೆ ಎಡ ಭುಜದ ಮೇಲೆ, ಬೆವರಿಗೆ ಮುಖ ಅಲ್ಲಿ ಒರೆಸಿಕೊಳ್ಳುತ್ತಿದ್ದುದರಿಂದ. ಎರಡು ಮಂಡಿಗಳ ಮೇಲೂ ಇತ್ತು, ಬಲಗಡೆಯದು ಹೆಚ್ಚು. ಅವರು ಬರೆದುಕೊಳ್ಳುತ್ತಲೇ ಇದ್ದರು. ಅಷ್ಟು ಹೊತ್ತು ಒಂದೇ ಉಸಿರಿಗೆ ನಾನು ಮಾತಾಡಿದ್ದನ್ನು ಏಣಿಯ ಮೇಲಿಂದ ಇಣುಕಿ ನೋಡುತ್ತಿದ್ದ ಸಿಂಚನಳ ಬಾಯಿ ತೆರೆದೇ ಇತ್ತು.

"ಹಡಗಿಗೇ ಬಾರದವರಿಗೆ ಇಷ್ಟೆಲ್ಲ ಹೇಗೆ ಗೊತ್ತು?" ಎಂದರು ಅವರು.

"ಒಗೆದವಳು ನಾನಲ್ವಾ?" ಎಂದೆ.

ಅವರು ನಕ್ಕು, ಮುಂದಿನ ತಿಂಗಳೊಳಗೆ ಗೊಂಬೆಗೆ ನೀಲಿ ಬಟ್ಟೆ ಹೊಲಿಸುತ್ತೇನೆ, ಹೇಳಿದ ಕಡೆಯಲ್ಲೆಲ್ಲ ಎಣ್ಣೆ ಬಳಿಯುತ್ತೇನೆ ಎಂದರು. ನಾನು ಏಣಿಗೆ ಕೈಯಿಟ್ಟೆ. ಆ ಕಲೆಗಳನ್ನು ಎಷ್ಟು ಸೋಪು ಹಾಕಿ, ಎಷ್ಟು ಬೈದು, ಕಲ್ಲಿಗೆ ಎಷ್ಟು ಬಡಿದಿದ್ದೆ! ಪೂರ್ತಿ ಹೋದ ದಿನ ಗೆದ್ದೆನೆಂದು ಎಷ್ಟು ಬೀಗಿದ್ದೆ! ಎರಡು ಮೆಟ್ಟಿಲು ಹತ್ತಿದವಳು ನಿಂತು, ತಿರುಗಿ ನೋಡಿ ಹೇಳಿದೆ:

"ಬಳಿದ ಮೇಲೆ ಅದನ್ನ ಯಾರೂ ಒಗೆಯದ ಹಾಗೆ ನೋಡ್ಕೊಳ್ಳಿ."