ಅಮ್ಮನ ಎಡಭುಜದ ಹೂವು

ನಮ್ಮಪ್ಪ ಹಳೇಕೋಟೆ ಕಡೆಯ ಒಂದು ಊರಿನಲ್ಲಿ ಅಮ್ಮನ ಗುಡಿಯ ಅರ್ಚಕರು. ಮದುವೆಯಾಗಲಿ, ಬಾವಿ ತೋಡುವುದಾಗಲಿ, ಸುತ್ತಲಿನವರು ಬಂದು ಅಮ್ಮನ ಹತ್ತಿರ ಹೂ ಕೇಳುವರು. ಅಪ್ಪ ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ ವಿಗ್ರಹದ ಎರಡು ಭುಜಕ್ಕೂ ಮೂರು ಮೂರು ಅಂಟಿಸುವರು. ನೀರಾರಿದಂತೆ ಅಮ್ಮನ ಬಲದ ಹೂ ಮೊದಲು ಬಿದ್ದರೆ ಆಗಲಿ ಅಂತ, ಎಡದ್ದು ಬಿದ್ದರೆ ಬೇಡ ಅಂತ. ಅದಕ್ಕೆ ಎದುರು ಮಾತಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನೂ ನಮ್ಮೂರಿನ ದೊಡ್ಡ ಬೇಸಾಯದ ಮನೆಯ ನನ್ನ ಗೆಳತಿಯೂ ಹೊಳೆನರಸೀಪುರಕ್ಕೆ ಮೊದಲ ವರ್ಷದ ಪಿಯುಸಿಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅವಳಿಗೆ ಕೊಣನೂರಿನ ಕಡೆಯ ಗಂಡು ಗೊತ್ತಾಗಿ, ಶುಕ್ರವಾರ ಹೂ ಕೇಳುವುದು ಅಂತಾಯಿತು.

"ಬಲಕ್ಕೆ ಕೊಟ್ಬುಟ್ರೆ ನನ್ ಕತೆ ಮುಗೀತು ಕಣೆ. ಪುಸ್ತಕ ಎಲ್ಲಾವ ನೀನೇ ಮಡೀಕೊ" ಅಂದಳು. "ನಿಮ್ಮಪ್ಪಂಗೆ ಏನಾರ ಏಳೇ."

"ಅಪ್ಪ ಅಂಟಿಸ್ತಾರೆ ಅಷ್ಟೆ. ಬೀಳ್ಸೋಕೆ ಅವರ್ಯಾರು?"

"ಅವರಲ್ದಿದ್ರೆ ನೀನು."

ತಮಾಷೆಗೆ ಅಂದಳೇನೋ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮನೆಯಲ್ಲಿ ಕಾಗದದ ಕವರು ಅಂಟಿಸುತ್ತಿದ್ದುದು ಅನ್ನದ ಅಗುಳಿನಿಂದ. ಬಲಗಡೆಯ ಮೂರನ್ನೂ ಹಾಗೇ ಅಂಟಿಸಿಬಿಟ್ಟರೆ? ಆದರೆ ಅನ್ನ ಮುಟ್ಟಿದ ಕೈ ತೊಳೆಯದೆ ದೇವರಮನೆಯ ಹೊಸ್ತಿಲು ದಾಟಿದರೆ ಬೈಸಿಕೊಳ್ಳುವ ಮನೆ ನಮ್ಮದು. ಗರ್ಭಗುಡಿಗಂತೂ ಹೆಣ್ಣುಮಕ್ಕಳು ಕಾಲಿಡುವಂತೆಯೇ ಇರಲಿಲ್ಲ. ಗೊತ್ತಾದರೆ ಅಪ್ಪನ ಪೂಜೆ ಹೋಗುತ್ತಿತ್ತು, ಗೆಳತಿಯ ಬೆನ್ನ ಮೇಲೆ ಬಾಸುಂಡೆ ಏಳುತ್ತಿತ್ತು. ಆದರೂ ಮರುದಿನ ಬಸ್ಸಿನಲ್ಲಿ ಅವಳ ಕಿವಿಯಲ್ಲಿ ಉಪಾಯ ಹೇಳಿದೆ.

ಶುಕ್ರವಾರ ಹೂ ಇಟ್ಟು ಅಪ್ಪ ಬಾವಿಗೆ ಹೋದರು. ನಾನು ಒಳಗೆ ನುಗ್ಗಿದೆ. ಹೊರಗೆ ಸುಡುಬಿಸಿಲು, ಒಳಗೆ ಕಲ್ಲಿನ ತಣ್ಣನೆ ಕತ್ತಲೆ. ಅಮ್ಮನ ಬೆಳ್ಳಿ ಕಣ್ಣು ನಾನು ಎತ್ತ ಸರಿದರೂ ಅತ್ತಲೇ ನೋಡುತ್ತಿತ್ತು. ಆ ನೋಟ ತಾಳಲಾರದೆ ವಿಗ್ರಹದ ಹಿಂದೆ ಹೋಗಿ ನಿಂತೆ. ಅಲ್ಲಿಂದಲೇ ಕೈ ಚಾಚಿ, ಒಂದು ಭುಜದ ಮೂರು ಹೂವಿಗೂ ಅಗುಳು ಒತ್ತಿ ಓಡಿಬಂದೆ. ಹಿಂದಿನಿಂದ ಯಾರೋ ಉಸಿರು ಬಿಟ್ಟಂತಾಯಿತು. ನನ್ನದೇ ಉಸಿರಿರಬೇಕು.

ಎರಡು ಮನೆಯವರೂ ಬಂದು ಕೂತರು. ಗೆಳತಿ ಕಂಬಕ್ಕೆ ಒರಗಿ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ.

"ನಿಮ್ಮ ಎಡಗೈ ಕಡೆ ಇರೋದು ಅಮ್ಮನ ಬಲ. ಸರಿಯಾಗಿ ನೋಡ್ಕೊಳ್ಳಿ" ಅಂದರು ಅಪ್ಪ.

ನಾನು ನನ್ನ ಎಡಗೈ ನೋಡಿಕೊಂಡೆ. ಹುಟ್ಟಿದಾಗಿನಿಂದ ಎದುರು ನಿಂತು ನೋಡಿದ ಅಭ್ಯಾಸ. ನನ್ನ ಎಡಗೈ ಕಡೆಯೇ ಅಮ್ಮನ ಬಲ ಅಂತ ಅಂಟಿಸಿದ್ದೆ. ಆದರೆ ಹಿಂದೆ ನಿಂತವಳಿಗೆ ಎಡವೆಂದರೆ ಅಮ್ಮನಿಗೂ ಎಡವೇ. ಬೀಳಬೇಕಾದ ಹೂವನ್ನೇ ಅಂಟಿಸಿ ಬಂದಿದ್ದೆ. ಇನ್ನು ಬಲದ್ದು ಆರಿ ಬೀಳುವುದಷ್ಟೇ ಬಾಕಿ. ಗೆಳತಿ ಮಾತ್ರ ಸಣ್ಣಗೆ ನಗುತ್ತಿದ್ದಳು.

ಬಲದ ಹೂವೊಂದು ಜಾರಿ ಓರೆಯಾಯಿತು. ಗಂಡಿನ ಕಡೆಯ ಅಜ್ಜಿ ಕೈಮುಗಿದು ಎದ್ದು ನಿಂತಳು. ಆಗ ಅವಳ ಸೊಸೆ ಅಂದಳು, "ಅತ್ತೆ, ಎಡದ್ದು ನೋಡಿ. ಅಲ್ಲಾಡ್ತಾ ಅದೆ."

ಗಾಳಿಯಿರಲಿಲ್ಲ. ದೀಪದ ಕುಡಿ ನೆಟ್ಟಗೆ ನಿಂತಿತ್ತು. ಎಡಭುಜದ ಹೂ ಮಾತ್ರ ಜೀವ ಬಂದಂತೆ ಮಿಡುಕುತ್ತಿತ್ತು. ಅಮ್ಮನ ತೋಳಿನ ಮೇಲೆ ಸಣ್ಣದೊಂದು ಕಪ್ಪು ಗೆರೆ ಹತ್ತುತ್ತಿದ್ದುದು ಬಾಗಿಲ ಪಕ್ಕದಲ್ಲಿದ್ದ ನನಗೆ ಕಂಡಿತು. ಇರುವೆ. ಅಗುಳಿನ ವಾಸನೆಗೆ ಬಂದಿದ್ದವು. ಹೂ ಒಮ್ಮೆ ಮಗುಚಿ, ಪಟ್ಟನೆ ಪಾದಕ್ಕೆ ಬಿತ್ತು.

"ಅಮ್ಮ ಒಲ್ಲೆ ಅಂದ್ಬುಟ್ಳು, ಐನೋರೆ" ಅಂದು ಅಜ್ಜಿ ಸೆರಗು ಸರಿಮಾಡಿಕೊಂಡು ಹೊರಟಳು. ಮದುವೆ ಅಲ್ಲಿಗೇ ನಿಂತಿತು.

ಸಂಜೆ ಅಪ್ಪ ಹಳೆಯ ಹೂ ತೆಗೆದು ಹೊರಬಂದರು. ಅಂಗೈಯಲ್ಲಿ ಎಡಭುಜದ ಉಳಿದೆರಡು ಹೂ, ಅವುಗಳ ಬೆನ್ನಿಗೆ ಒಣಗಿದ ಅಗುಳು. ಅದನ್ನು ನನ್ನ ಮುಂದೆ ಹಿಡಿದರು. ಬೈಯಲಿಲ್ಲ.

"ಅಂಟಿಸಿದ ಕಡೆಯದೇ ಬಿತ್ತಲ್ಲೇ" ಅಂದರು. ಅಮ್ಮನ ಕಡೆ ತಿರುಗಿ ತಲೆಬಾಗಿದರು. ಆಮೇಲೆ ಹನ್ನೊಂದು ಕೊಡ ನೀರು ಸೇದಿ ಗರ್ಭಗುಡಿ ತೊಳೆದರು. ಆ ಮಾತು ಮತ್ತೆ ಎತ್ತಲಿಲ್ಲ.

ಗೆಳತಿ ಈಗ ಚನ್ನರಾಯಪಟ್ಟಣದಲ್ಲಿ ಮೇಡಂ. ಸಿಕ್ಕಾಗೆಲ್ಲ, "ಬಲದ್ದು ಅಲ್ಲಾಡ್ದಂಗೆ ಅಂಟಿಸಿದ್ಯಲ್ಲೇ, ನಿನ್ ಕೈಗೆ ಚಿನ್ನದ ಬಳೆ ತೊಡಿಸ್ಬೇಕು" ಅಂತ ನಗುತ್ತಾಳೆ. ನಾನೂ ನಗುತ್ತೇನೆ. ಯಾವ ಕಡೆ ಅಂಟಿಸಿದ್ದೆ ಅಂತ ಅವಳಿಗೆ ಇನ್ನೂ ಹೇಳಿಲ್ಲ.