ವಿಷ ಏರದ ವಂಶ

2003ರಲ್ಲಿ ನಾನು ಕನ್ನಡ ವಾಹಿನಿಯೊಂದರ ಫ್ಯಾಂಟಸಿ ಧಾರಾವಾಹಿಗೆ ಸಂಭಾಷಣೆ ಬರೆಯುತ್ತಿದ್ದೆ. ಮನುಷ್ಯರೂಪ ತಾಳಿ ಬರುವ ಸರ್ಪಗಳನ್ನು ಹಿಡಿದು ಊರು ಕಾಯುವ ಒಂದು ವಂಶ; ಆ ಕಸುಬನ್ನು ಅಪ್ಪ ಮಗಳಿಗೆ ಒಪ್ಪಿಸುತ್ತಾನೆ. ಇಷ್ಟೇ ಕಥೆ. ಹೊರಾಂಗಣ ಚಿತ್ರೀಕರಣ ತಿ. ನರಸೀಪುರದ ಹೊಳೆದಂಡೆಯಲ್ಲಿ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿ ಈಗ ಮನೆಯಲ್ಲಿ ಕೂತಿದ್ದೇನೆ. ಬರೆದದ್ದರಲ್ಲಿ ಮುಕ್ಕಾಲು ಪಾಲು ಮರೆತಿದೆ, ಅದಕ್ಕೆ ಬೇಸರವೂ ಇಲ್ಲ. ಒಂದು ಸಾಲು ಮಾತ್ರ ಮರೆಯುತ್ತಿಲ್ಲ.

ದಂಡೆಯ ಪೊದೆಗಳಲ್ಲಿ ಹಾವಿಲ್ಲವೆಂದು ನೋಡಿ ಹೇಳಲು ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರದ ಕಡೆಯಿಂದ ಮಾದಪ್ಪನನ್ನು ಕರೆಸಿದ್ದೆವು. ಅವನು ಕೂಲಿ ಮಾಡುವವನು. ಹಾವು ಹಿಡಿಯುವುದು ಅಪ್ಪನಿಂದ ಬಂದದ್ದು. ಹಾವಿನ ಹತ್ತಿರ ಹೋಗುವ ಮುಂಚೆ ಸೇರಿದ ಜನಕ್ಕೆ ಗಟ್ಟಿಯಾಗಿ ಒಂದು ಮಾತು ಹೇಳುತ್ತಿದ್ದ: "ನಮ್ ವಂಸಕ್ಕೆ ಇಸ ಏರಲ್ಲ. ನೀವು ಇಂದಕ್ಕೋಗಿ!" ಜನ ನಂಬಿ ಹಿಂದೆ ಸರಿಯುತ್ತಿದ್ದರು. ಯಾರೂ ಕಲ್ಲು ಎಸೆಯುತ್ತಿರಲಿಲ್ಲ, ಹಾವೂ ಕೆರಳುತ್ತಿರಲಿಲ್ಲ.

"ನಿಜವೇನಯ್ಯ?" ಎಂದು ಒಮ್ಮೆ ಕೇಳಿದೆ.

ಮಾದಪ್ಪ ನಕ್ಕ. "ಎಲ್ಲಿ ನಿಜ ಸಾ? ಎರಡ್ ಸಲ ಕಚ್ಚುಸ್ಕೊಂಡು ಆಸ್ಪತ್ರೇಲಿ ಸೂಜಿ ಆಕುಸ್ಕೊಂಡಿವ್ನಿ. ಮನೇಲಿ ಏಳಿಲ್ಲ, ಎದ್ರುಕತಾರೆ."

ನನಗೆ ಬೇಕಾದದ್ದು ಅವನು ಜನಕ್ಕೆ ಹೇಳುತ್ತಿದ್ದ ಮಾತಿನ ಮೊದಲರ್ಧ. ಧಾರಾವಾಹಿಯಲ್ಲಿ 'ಹುಕ್' ಅಂತ ಒಂದಿರುತ್ತದೆ, ನೋಡುವವರನ್ನು ನಾಳೆಗೂ ಕೂರಿಸುವ ಕೊನೆಯ ಮಾತು. ಅಪ್ಪ ತನ್ನ ಕೋಲನ್ನು ಮಗಳ ಕೈಗಿಟ್ಟು, "ನಮ್ಮ ವಂಶಕ್ಕೆ ವಿಷ ಏರುವುದಿಲ್ಲ ಮಗಳೇ" ಎನ್ನುತ್ತಾನೆ. ಸೆಟ್ಟಿನಲ್ಲಿ ಚಪ್ಪಾಳೆ ಬಿತ್ತು, ನಾನು ಉಬ್ಬಿಹೋದೆ. ಸೂಜಿ ಹಾಕಿಸಿಕೊಳ್ಳುವ ನಾಯಕನನ್ನು ಯಾರು ನೋಡುತ್ತಾರೆ? ಸಾಲು ಹಿಟ್ಟಾಯಿತು. ವಾಹಿನಿಯವರು ಅದನ್ನೇ ಪ್ರೋಮೋ ಮಾಡಿ ದಿನಕ್ಕೆ ಹತ್ತು ಸಲ ಹಾಕಿದರು.

ಮಾದಪ್ಪನ ಮಗಳು ಸವಿತ ಒಂಬತ್ತನೇ ಕ್ಲಾಸಿನಲ್ಲಿ ಓದುತ್ತಿದ್ದಳು. ಅವನು ಅವಳಿಗೆ ಈ ಕಸುಬು ಕಲಿಸಿರಲೇ ಇಲ್ಲ. ಒಂದು ಭಾನುವಾರ ಬೆಳಿಗ್ಗೆ, ಅವನು ನಮ್ಮ ಕ್ಯಾಮರಾ ಹಿಂದೆ ನಿಂತಿದ್ದಾಗ, ಊರಿನಲ್ಲಿ ಪಕ್ಕದ ಮನೆಯ ಸೌದೆ ಒಟ್ಟಿಲಿನಲ್ಲಿ ನಾಗರಹಾವು ಕಾಣಿಸಿತು. ಜನ ಮಾದಪ್ಪನನ್ನು ಕೂಗುತ್ತಾ ಬಂದರು. ಸವಿತ ಮನೆಯಲ್ಲಿದ್ದ ಅಪ್ಪನ ಹಳೆಯ ಕೋಲು ತೆಗೆದುಕೊಂಡು ಹೋದಳು. ಕೈಗೆ ಕಚ್ಚಿತು. ಆಸ್ಪತ್ರೆಗೆ ಹೋಗೋಣವೆಂದು ಪಕ್ಕದ ಮನೆಯಾಕೆ ಗೋಗರೆದರೆ, "ನಮ್ಗೆ ಇಸ ಏರಲ್ಲ ಕಣಕ್ಕ, ಟೀವೀಲಿ ನೋಡ್ನಿಲ್ವಾ?" ಎಂದು ನಕ್ಕಳಂತೆ. ಒಂದು ಗಂಟೆಯ ಮೇಲೆ ರೆಪ್ಪೆಗಳು ಜೋತುಬಿದ್ದವು, ಮಾತು ತೊದಲಿತು. ಆಗ ಹೊತ್ತುಕೊಂಡು ಓಡಿದರು.

ಅವರೂರಿನವನೊಬ್ಬ ಬೈಕಿನಲ್ಲಿ ಬಂದು ಸುದ್ದಿ ಮುಟ್ಟಿಸಿದ. ನಮ್ಮ ಜೀಪಿನಲ್ಲಿ ನಾನೂ ಮಾದಪ್ಪನ ಜೊತೆ ಹೊರಟೆ. ದಾರಿಯುದ್ದಕ್ಕೂ ಅವನು ಒಂದೇ ಕೇಳುತ್ತಿದ್ದ: "ಸೂಜಿ ಆಕಿರ್ತಾರಲ್ವಾ ಸಾ?" ನಾವು ಆಸ್ಪತ್ರೆ ಮುಟ್ಟುವ ಮೊದಲೇ ಹುಡುಗಿಯ ಉಸಿರು ನಿಂತಿತ್ತು.

ತಿಥಿ ಕಳೆದ ಮೇಲೆ ಅವನ ಮನೆಗೆ ಹೋದೆ. ಬೈದರೆ ಸಾಕು ಅನ್ನಿಸುತ್ತಿತ್ತು. ಅವನು ಬೈಯಲಿಲ್ಲ, ಕೂರಲು ಚಾಪೆ ಹಾಸಿದ.

"ಅದು ಗುಂಪಿಗೆ ಏಳೋ ಮಾತು ಸಾ. ನಿಮ್ಗೆ ಗೊತ್ತಿತ್ತು. ನನ್ ಮಗಳ್ಗೆ ಗೊತ್ತಿರ್ಲಿಲ್ಲ."

ಸಾಲು ತೆಗೆಯಿರಿ ಎಂದು ನಿರ್ಮಾಪಕರ ಕಾಲು ಹಿಡಿದೆ. ಪ್ರೋಮೋ ಇನ್ನೂ ಎರಡು ವಾರ ಓಡಿತು. ಅಪ್ಪ ಮಗಳಿಗೆ ತನ್ನ ಗಾಯ ತೋರಿಸಿ ಆಸ್ಪತ್ರೆಯ ದಾರಿ ಹೇಳುವ ದೃಶ್ಯ ಬರೆದುಕೊಟ್ಟೆ. ಕಥೆ ಪೇಲವವಾಗುತ್ತದೆ ಎಂದು ವಾಪಸ್ ಕೊಟ್ಟರು. ಆ ಧಾರಾವಾಹಿ ಬಿಟ್ಟೆ.

ಮಿಂಚಿದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅನ್ನುತ್ತಾರೆ. ಚಿಂತಿಸದಿರಲು ನನ್ನಿಂದ ಆಗಿಲ್ಲ. ಕಸುಬು ಮಕ್ಕಳ ಕೈಗೆ ಹೋಗುವಾಗ ಅದರ ಪೆಟ್ಟೂ ಅವರಿಗೆ ತಿಳಿದಿರಬೇಕು. ನನ್ನ ವೃತ್ತಿ ಕಲಿಸಿದ ಪಾಠ ಅದೊಂದೇ. ಆ ಮಾತು ಸುಳ್ಳೆಂದು ಬಲ್ಲವರು ಮಾದಪ್ಪ, ನಾನು ಇಬ್ಬರೇ. ಮನೆಯವರು ಹೆದರುತ್ತಾರೆಂದು ಅವನು ಬಚ್ಚಿಟ್ಟ, ದೃಶ್ಯ ಕೆಡುತ್ತದೆಂದು ನಾನು ಬಚ್ಚಿಟ್ಟೆ. ಅವನದು ಪ್ರೀತಿ. ನನ್ನದನ್ನು ಏನೆಂದು ಕರೆಯಲಿ?